ಎತ್ತಿನ ಬೆನ್ನ ಮೇಲಿನ ಸುಳಿ

ರಾಯಬಾಗದಲ್ಲಿ ದನ ಮಾರುವವರಿಗಾಗಿ ವೆಬ್‌ಸೈಟ್ ಮಾಡುತ್ತಿದ್ದೆ. ಪುಟ ಬೇಗ ತೆರೆಯಲಿ ಅಂತ ಫೋಟೊಗಳನ್ನೆಲ್ಲ ಜೆಪೆಗ್ ಮಾಡಿ, ಹಿಂಡಿ ಸಣ್ಣದಾಗಿಸಿದ್ದೆ. ಚಿಂಚಲಿಯ ರೈತರೊಬ್ಬರು ಅದರಲ್ಲಿ ತಮ್ಮ ಎತ್ತಿನ ಫೋಟೊ ನೋಡಿದ್ದೇ ಸಿಟ್ಟಾದರು.

“ಬೆನ್ನ ಮ್ಯಾಲಿನ ಸುಳಿ ಎಲ್ಲಿ ಹೋತ್ರಿ? ಸುಳಿ ನೋಡಲಾರ್ದ ಎತ್ತ ಯಾರ್ ತೊಗೋತಾರ? ಖೋಡಿ ಸುಳಿ ಮುಚ್ಚಿಟ್ಟಾನ ಅಂತಾರ್ರಿ!”

ನನಗೆ ಅಜ್ಜ ನೆನಪಾದ. ಸಂತೆಯಲ್ಲಿ ಅವನು ಕಣ್ಣಿಗಿಂತ ಬೆರಳನ್ನೇ ನಂಬುತ್ತಿದ್ದ. ಎತ್ತಿನ ಕೂದಲು ಸವರಿ ಸವರಿ ಸುಳಿ ಹುಡುಕಿ, ಅದು ಶುಭವೋ ಅಶುಭವೋ ಅಂತ ನೋಡುತ್ತಿದ್ದ.

ಮೂಲ ಫೋಟೊವನ್ನು ಪಿಎನ್‌ಜಿ ಮಾಡಿದೆ. ಸುಳಿ ಕಂಡಿತು, ಪುಟ ತೆವಳಿತು. ಕೊನೆಗೆ ವೆಬ್‌ಪಿ ಮಾಡಿದಾಗ ಫೈಲೂ ಹಗುರಾಯಿತು, ಕೂದಲೂ ಎದ್ದು ಕಂಡಿತು.

ರೈತರು ಮೊಬೈಲಿನ ಮೇಲೆ, ಥೇಟ್ ಅಜ್ಜನ ಹಾಗೆ, ಬೆರಳಿನಿಂದ ಆ ಸುಳಿಯನ್ನು ಸವರಿದರು. ಎತ್ತು ಸರ್ರನೆ ಸರಿದು ಯಾರದೋ ಎಮ್ಮೆ ಬಂತು.

“ಮೊದ್ಲ ಇದಕ್ಕ ಮೂಗುದಾರ ಹಾಕ್ರಿ,” ಅಂದರು.