ನಮ್ಮತ್ತೆ ನಬ್ಲಾ ಮತ್ತು ಬಣವೆಯ ಮೊಟ್ಟೆಗಳು

ನಮ್ಮತ್ತೆ ನಬ್ಲಾಗೆ ದೇವರ ಮೇಲೆ ನಂಬಿಕೆ ಇತ್ತು, ಉಳಿದವರ ಮೇಲೆ ಬರೀ ಕಣ್ಣಿತ್ತು. ಮೇಯೋ ಸೀಮೆಯ ನಮ್ಮ ನಾಕ್‌ರೋ ಹಳ್ಳಿಯಲ್ಲಿ ಅವಳ ಬೆಣ್ಣೆಗೆ ಸಾಟಿಯಿರಲಿಲ್ಲ. ಆ ಬೆಣ್ಣೆಯ ಅದೃಷ್ಟವನ್ನು ಯಾರಾದರೂ ಹೊತ್ತುಕೊಂಡು ಹೋದಾರೆಂಬ ಭಯವೂ ಅಷ್ಟೇ ದೊಡ್ಡದು. ಬೆಣ್ಣೆ ಕಡೆಯುವ ಹೊತ್ತಿಗೆ ಯಾರೇ ಒಳಗೆ ಬರಲಿ, ಕಡೆಗೋಲು ಹಿಡಿದು ಒಂದಿಷ್ಟು ಕಡೆದು, "ದೇವರು ಒಳ್ಳೇದು ಮಾಡ್ಲಿ" ಅನ್ನದೆ ಹೊರಗೆ ಹೋಗುವಂತಿರಲಿಲ್ಲ. ಒಮ್ಮೆ ಪಾದ್ರಿಗಳ ಕೈಗೇ ಕೊಟ್ಟಳು. "ನಾನು ಪಾದ್ರಿ ಕಣಮ್ಮ" ಅಂದರೆ, "ಅದಕ್ಕೇ ಸ್ವಾಮಿ, ನೀವು ಸ್ವಲ್ಪ ಜಾಸ್ತಿ ಕಡೀರಿ" ಅಂದಳು.

ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಬೆಣ್ಣೆ ತವರಿಗೆ ಸಾಗಿಸುತ್ತೇನೇನೋ ಎಂದು ನನ್ನ ಜೇಬೂ ತಡವಿದ್ದಾಳೆ. ಹೇಳಲು ನನಗೇನು ನಾಚಿಕೆ, ನಾಚಿಕೆ ಪಡಬೇಕಾದವಳು ಅವಳು. ಮೇ ತಿಂಗಳ ಮೊದಲ ದಿನವಂತೂ ಕೇಳಲೇಬೇಡಿ. ಅವತ್ತು ಮನೆಯಿಂದ ಹಾಲು, ಉಪ್ಪು, ಬೆಂಕಿ ಯಾವುದೂ ಹೊರಗೆ ಹೋಗಬಾರದು. ಹೋದರೆ ಆ ವರ್ಷದ ಬೆಣ್ಣೆಯೂ ಅದರ ಹಿಂದೆಯೇ ಹೋಯಿತು ಅಂತಲೇ ಲೆಕ್ಕ. ಈ ನೇಮ ಊರಿನ ಎಲ್ಲ ಮನೆಯಲ್ಲೂ ಇತ್ತು. ನಮ್ಮತ್ತೆ ಮಾತ್ರ ಬಾಗಿಲಿಗೆ ಕುರ್ಚಿ ಹಾಕಿ ಕೂರುತ್ತಿದ್ದಳು. ನನ್ನ ಗಂಡ ಫೆಸ್ಟಿ ಪೈಪು ಹಚ್ಚಿಕೊಂಡು ಹೊಸ್ತಿಲಿಗೆ ಬಂದರೂ ಸಾಕು, "ಆರಿಸೋ ಅದನ್ನ, ಮನೆಹಾಳ!" ಎಂದು ಅರಚುತ್ತಿದ್ದಳು.

ಅವಳ ಅನುಮಾನವೆಲ್ಲ ಪಕ್ಕದ ಮನೆಯ ಸಬೀನಾ ಮೇಲೆ. ಸಬೀನಾ ಬೆಟ್ಟದ ಆಚೆಯಿಂದ ಮದುವೆಯಾಗಿ ಬಂದವಳು. ತಲೆ ನರೆತರೂ ಊರಿಗೆ ಅವಳಿನ್ನೂ ಹೊರಗಿನವಳೇ. ಗಂಡ ಸತ್ತ ಮೇಲೆ ಒಂದು ಹಸು, ಒಂದು ತುಂಡು ಹುಲ್ಲುಗಾವಲು ಇಟ್ಟುಕೊಂಡು ಯಾರ ಹಂಗೂ ಇಲ್ಲದೆ ಬದುಕುತ್ತಿದ್ದಳು. ಹಂಗಿಲ್ಲದೆ ಬದುಕುವ ಹೆಂಗಸನ್ನು ಕಂಡರೆ ನಮ್ಮತ್ತೆಗೆ ನಿದ್ದೆ ಬರುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ನಮ್ಮ ಚುಕ್ಕೆ ಹೇಂಟೆ ಕಾಣೆಯಾಯಿತು.

"ನರಿ ಹಿಡಿದಿರ್ಬೇಕು ಅತ್ತೆ" ಅಂದೆ.

"ಆ ನರಿಗೆ ಎರಡೇ ಕಾಲು ಕಣೇ. ತಲೆಗೆ ವಸ್ತ್ರ ಬೇರೆ ಕಟ್ಕೊಳ್ಳುತ್ತೆ" ಎಂದು ಸಬೀನಾಳ ಮನೆಯತ್ತ ನೋಡಿದಳು.

ಕೆಲವು ದಿನ ಕಳೆದು, ಹುಲ್ಲಿನ ಬಣವೆ ಸರಿಮಾಡಲು ಹೋದ ಅತ್ತೆ ಕಿಟಾರನೆ ಕಿರುಚಿದಳು. ಓಡಿಹೋಗಿ ನೋಡಿದರೆ ಹುಲ್ಲಿನೊಳಗೆ ಮೊಟ್ಟೆಗಳು! ನಮ್ಮಲ್ಲಿ ಇದಕ್ಕಿಂತ ಕೆಟ್ಟದ್ದಿಲ್ಲ. ಕೇಡು ಬಯಸುವವರು ಇನ್ನೊಬ್ಬರ ಹುಲ್ಲಿನಲ್ಲಿ ಮೊಟ್ಟೆ ಬಚ್ಚಿಡುತ್ತಾರೆ. ಮೊಟ್ಟೆ ಕೊಳೆಯುತ್ತಾ ಹೋದಂತೆ ಆ ಮನೆಯ ಏಳಿಗೆಯೂ ಕೊಳೆಯುತ್ತದೆ. ನನಗೂ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ.

"ಕೈ ಹಚ್ಬೇಡ್ವೇ! ಸಲಿಕೆ ತಾ!"

"ಅತ್ತೆ, ನಮ್ಮ ಹೇಂಟೆನೇ ಇಟ್ಟಿದ್ರೆ?"

"ನಿನ್ ತಲೆ! ಹೇಂಟೆ ಆಗ್ಲೇ ಅವಳ ಗಡಿಗೇಲಿ ಬೆಂದು ಹೋಗಿದೆ. ಸತ್ತ ಹೇಂಟೆ ಮೊಟ್ಟೆ ಇಡುತ್ತೇನೇ?"

ಪವಿತ್ರ ಜಲ ಚಿಮುಕಿಸಿ, ಮೊಟ್ಟೆಗಳ ಜೊತೆ ಇಡೀ ಬಣವೆಗೆ ಬೆಂಕಿಯಿಟ್ಟಳು. ಹೊಗೆ ಕಂಡು ಊರು ನೆರೆಯಿತು. ಅತ್ತೆ ಯಾರ ಹೆಸರನ್ನೂ ಎತ್ತಲಿಲ್ಲ. ಸಬೀನಾಳ ಮನೆಯ ಹೊಗೆಗೂಡನ್ನೇ ನೋಡುತ್ತಾ ನಿಂತಳು, ಅಷ್ಟೇ ಸಾಕಾಯಿತು.

ಹುಲ್ಲು ಕೊಯ್ಲಿಗೆ ನಮ್ಮಲ್ಲಿ ಒಬ್ಬರಿಗೊಬ್ಬರು ಮುಯ್ಯಾಳು ಹೋಗುತ್ತೇವೆ. ಆ ಸಲ ಸಬೀನಾಳ ಹುಲ್ಲಿಗೆ ಒಬ್ಬನೂ ಹೋಗಲಿಲ್ಲ. ಒಬ್ಬನಿಗೆ ಸೊಂಟ ಹಿಡಿದಿತ್ತಂತೆ, ಇನ್ನೊಬ್ಬನ ಕುಡುಗೋಲು ಮೊಂಡಾಗಿತ್ತಂತೆ. ಮೂದೇವಿಗಳು! ಅವಳೊಬ್ಬಳೇ ಕೊಯ್ದಳು. ಒಣಗಿಸಿ ಒಟ್ಟುವಷ್ಟರಲ್ಲಿ ಮಳೆ ಹಿಡಿದು ಹುಲ್ಲು ಕಪ್ಪಗೆ ಕೊಳೆಯಿತು. ಹುಲ್ಲಿಲ್ಲದೆ ಚಳಿಗಾಲದಲ್ಲಿ ಹಸು ಉಳಿಯುವುದಿಲ್ಲ. ಅವಳ ಜೀವನವೆಲ್ಲ ಆ ಹಸುವಿನ ಮೇಲೆಯೇ ನಡೆಯುತ್ತಿತ್ತು. ಅದನ್ನು ದನದ ಸಂತೆಗೆ ಹೊಡೆದುಕೊಂಡು ಹೋಗುವ ದಿನ ಸಬೀನಾ ನಮ್ಮ ಬಾಗಿಲಲ್ಲಿ ನಿಂತಳು.

"ನಬ್ಲಾ, ನನ್ ಮುಖ ನೋಡಿ ಹೇಳು. ಆ ಮೊಟ್ಟೆ ನಾನಿಟ್ಟೆನಾ?"

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡನಂತೆ. ನಿನ್ ಹೆಸರು ಯಾರು ಹೇಳಿದ್ರು?"

"ಹೇಳಿದ್ದಿದ್ರೆ ಜಗಳನಾದ್ರೂ ಆಡ್ತಿದ್ದೆ" ಅಂದಳು ಸಬೀನಾ. ಹಸುವಿನ ಬೆನ್ನು ತಟ್ಟಿ ಹೊರಟುಹೋದಳು.

ಮರುದಿನ ಬೆಳಿಗ್ಗೆ ನಮ್ಮ ಅಂಗಳಕ್ಕೆ ಚುಕ್ಕೆ ಹೇಂಟೆ ಬಂತು. ಹಿಂದೆ ಮರಿಗಳ ಸಾಲು. ಅತ್ತೆ ಹೇಂಟೆ ಬಂದ ದಾರಿ ಹಿಡಿದು ಹಿತ್ತಲಿನ ಇನ್ನೊಂದು ಬಣವೆಗೆ ಹೋದಳು. ಈ ಸಲ ಸಲಿಕೆ ಕೇಳಲಿಲ್ಲ, ಬರಿಗೈಯನ್ನೇ ಹುಲ್ಲಿನೊಳಗೆ ತೂರಿಸಿದಳು. ಕೈ ತುಂಬ ಮೊಟ್ಟೆಯ ಚಿಪ್ಪು ಬಂತು.

"ಸುಟ್ಟ ಮೊಟ್ಟೆನೂ ಇದೇ ಇಟ್ಟಿದ್ದು. ಹೋಗಿ ಹೇಳಿ ಅತ್ತೆ" ಅಂದೆ.

"ಏನಂತ ಹೇಳ್ಲೇ? ಹಸು ಹೋಯ್ತಲ್ಲ."

ನಾನು ಬಿಡುತ್ತೇನೆಯೇ? ಭಾನುವಾರ ಚರ್ಚಿನ ಬಾಗಿಲಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದೆ. ಊರು ತಲೆಯಾಡಿಸಿತು. "ಹೇಂಟೆ ಸರಿ ಕಣಮ್ಮ, ಆದ್ರೂ ಬೆಂಕಿ ಇಲ್ದೆ ಹೊಗೆಯಾಡುತ್ತಾ?" ಅಂದರು. ಯಾರೂ ಸಬೀನಾಳ ಮನೆಯ ಹೊಸ್ತಿಲು ತುಳಿಯಲಿಲ್ಲ. ಒಮ್ಮೆ ಹೊಕ್ಕ ಅನುಮಾನ ಮಾತಿಗೆ ಹೊರಡುವುದಿಲ್ಲ.

ಆ ಚಳಿಗಾಲದಲ್ಲಿ ಅತ್ತೆ ಚಹಾಕ್ಕೆ ಹಾಲು ಹಾಕಿಕೊಳ್ಳುವುದನ್ನು ಬಿಟ್ಟಳು. ಕೇಳಿದರೆ "ಹೊಟ್ಟೆಗೆ ಆಗಲ್ಲ" ಅನ್ನುತ್ತಿದ್ದಳು. ಪಕ್ಕದ ಮನೆಯಲ್ಲೂ ಹಾಲಿಲ್ಲದ ಚಹಾವೇ.

ಮೇ ತಿಂಗಳ ಮೊದಲ ದಿನ ಬಂತು. ಊರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ಕಾವಲು ನಿಂತಿತ್ತು. ಅತ್ತೆ ಕುರ್ಚಿ ಹಾಕಲಿಲ್ಲ. ಹಾಲು ಕರೆದು, ಕ್ಯಾನು ತುಂಬಿಸಿ, ಶಾಲು ಹೊದ್ದು ಹೊಸ್ತಿಲಿಗೆ ಬಂದಳು.

ಫೆಸ್ಟಿ ಅಡ್ಡ ನಿಂತ. "ಅವ್ವಾ! ಇವತ್ತು ಯಾವ ದಿನ ಗೊತ್ತಾ?"

"ನೀ ಹುಟ್ಟೋಕೆ ಮುಂಚಿಂದ ಗೊತ್ತು. ಸರಿಯೋ ಪಕ್ಕಕ್ಕೆ."

ಹಾಲಿನ ಕ್ಯಾನನ್ನು ಎಲ್ಲರಿಗೂ ಕಾಣುವಂತೆ ಹಿಡಿದು ನಡುರಸ್ತೆಯಲ್ಲೇ ನಡೆದಳು. ನಾನು ಹಿಂದೆ ಹೋದೆ. ಸಬೀನಾ ಕೆಳಗಿನ ಅರ್ಧ ಬಾಗಿಲು ಹಾಕಿಕೊಂಡು, ಅದರ ಮೇಲೆ ಮೊಣಕೈ ಊರಿ ನಿಂತಿದ್ದಳು.

"ಇವತ್ತಿನ ಮೊದಲ ಹಾಲು" ಅಂದಳು ಅತ್ತೆ. "ನನ್ನ ವರ್ಷದ ಬೆಣ್ಣೆ ಇದ್ರಲ್ಲಿದೆ. ತಗೋ. ನಾಳೆಯಿಂದ್ಲೂ ತರ್ತೀನಿ, ನಿನ್ ಮನೇಲೇ ಇಬ್ರೂ ಕಡೆಯೋಣ."

ಸಬೀನಾ ಹಾಲು ನೋಡಿದಳು, ಅತ್ತೆಯ ಮುಖ ನೋಡಿದಳು, ಮತ್ತೆ ಹಾಲು ನೋಡಿದಳು.

"ಏನ್ ಹಾಕಿದ್ದೀಯ ಇದಕ್ಕೆ?"

ಅತ್ತೆಯ ಮುಖ ಕಪ್ಪಿಟ್ಟಿತು. ಊರೆಲ್ಲ ನೋಡುತ್ತಿತ್ತು.

"ಏನೂ ಹಾಕಿಲ್ಲ."

"ಹಾಗಾದ್ರೆ ಮೊದ್ಲು ನೀನು ಕುಡಿ."

ಅತ್ತೆ ಎರಡೂ ಕೈಯಲ್ಲಿ ಕ್ಯಾನು ಎತ್ತಿ ಕುಡಿದಳು. ಹಾಲು ಗಲ್ಲದ ಮೇಲೆ ಸುರಿಯಿತು.

"ನುಂಗು" ಅಂದಳು ಸಬೀನಾ.

ಅತ್ತೆ ನುಂಗಿದಳು. ಅದನ್ನು ಕಣ್ಣಾರೆ ಕಂಡ ಮೇಲೆಯೇ ಸಬೀನಾ ಕೆಳಬಾಗಿಲ ಅಗಳಿ ತೆಗೆದಳು.