ಕರಿಬಸಯ್ಯ ಮಾಸ್ತರನ ವಿಲಾಯತಿ ಶೋಕ

ಮಸ್ಕಿಯ ಕರಿಬಸಯ್ಯ ನಿಜಾಮರ ಹೈದರಾಬಾದಿಗೆ ಹೋಗಿ ಕಲಿತು ಬಂದದ್ದು ವಿಕ್ಟೋರಿಯಾ ರಾಣಿಯ ಕಾಲದ ಇಂಗ್ಲಿಷ್ ಸಾಹಿತ್ಯ. ಆ ಕಾಲದವರು ಗಿರಣಿಯಲ್ಲಿ ದುಡಿಯುವ ಮಕ್ಕಳ ಬಗ್ಗೆ, ಬಡವರ ಬಗ್ಗೆ ಕರುಳು ಕರಗುವಂತೆ ಬರೆದಿದ್ದರು. ಅದರ ಒಂದು ಸಾಲೂ ಇವನಿಗೆ ನಾಟಲಿಲ್ಲ. ನಾಟಿದ್ದು ಅವರ ಕೋಟು, ಅವರ ಬಿಗುಮಾನ. ಲಿಂಗಸುಗೂರಿನ ಶಾಲೆಗೆ ಮಾಸ್ತರನಾಗಿ ಬಂದವನು ಬೇಸಿಗೆಯಲ್ಲೂ ಉಣ್ಣೆಯ ಕೋಟು ಬಿಚ್ಚಲಿಲ್ಲ. ರೊಟ್ಟಿ ಬಡಿಯುವ ಸಪ್ಪಳಕ್ಕೆ ತಲೆನೋವು ಬರುತ್ತದೆ ಎನ್ನುತ್ತಿದ್ದ. ರೊಟ್ಟಿ ಮಾತ್ರ ಬಿಡುತ್ತಿರಲಿಲ್ಲ.

ತಾಯಿ ಅಂಬಮ್ಮ ಮಸ್ಕಿಯಲ್ಲಿ ತೀರಿಕೊಂಡಾಗ ಅವನ ವಿದ್ಯೆ ಪೂರ್ತಿ ಹೊರಬಿತ್ತು. ಗಂಡ ಸತ್ತ ಮೇಲೆ ಆ ರಾಣಿ ಕೊನೆಯವರೆಗೂ ಕಪ್ಪು ಬಟ್ಟೆಯಲ್ಲೇ ಇದ್ದಳೆಂದು ಓದಿದ್ದ. ಹೆಂಡತಿ ಶೇಖರಮ್ಮನಿಗೂ ಕಪ್ಪು ಉಡಲು ಹೇಳಿದ. ಅವಳ ಪೆಟ್ಟಿಗೆಯಲ್ಲಿದ್ದ ಕಪ್ಪು ಸೀರೆ ಒಂದೇ, ತವರಿನವರು ಸಂಕ್ರಾಂತಿಗೆ ಉಡಿಸಿದ್ದ ಕೆಂಪಂಚಿನ ಚಂದ್ರಕಾಳಿ. ಅವಳು ಒಲ್ಲೆನೆಂದಳು. ಗದರಿಸಿ ಉಡಿಸಿದ.

ಸಂತೆಕಲ್ಲೂರಿನಿಂದ ಬಂದ ಅವನ ಸೋದರತ್ತೆ ಪಾರ್ವತೆಮ್ಮ ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಅತ್ತಿ ಸತ್ತಾಳಂತ ಹಬ್ಬ ಮಾಡಾಕತ್ತೀಯೇನ್ ಬೇ?"

ಮನೆ ತುಂಬ ಜನ. ಶೇಖರಮ್ಮ ಗಂಡನ ಕಡೆ ನೋಡಿದಳು. ನಾನೇ ಉಡಿಸಿದೆ ಎಂದಿದ್ದರೆ ಮುಗಿಯುತ್ತಿತ್ತು. ಕರಿಬಸಯ್ಯ ಕೆಮ್ಮಿ, ನಾಗರಿಕ ದೇಶಗಳಲ್ಲಿ ಶೋಕ ಆಚರಿಸುವ ರೀತಿಯ ಬಗ್ಗೆ ಇಂಗ್ಲಿಷ್ ಬೆರೆಸಿ ಭಾಷಣ ಬಿಗಿದ. ಯಾರಿಗೂ ಏನೂ ತಿಳಿಯಲಿಲ್ಲ. ಬೈಗುಳ ಹೆಂಡತಿಯ ತಲೆಯ ಮೇಲೆಯೇ ಉಳಿಯಿತು.

ಅವಳು ಒಳಗೆ ಹೋಗಿ ಸೀರೆ ಬದಲಿಸಿ ಬಂದಳು. ಅತ್ತೆಯ ಹೆಣದ ಬಳಿ ಕೂತು, ಹಾಡಿಕೊಂಡು ಅಳತೊಡಗಿದಳು.

"ಮೆಲ್ಲಗ. ದೊಡ್ಡ ಮನೆತನದಾಗ ಹಿಂಗ ಅಳೂದಿಲ್ಲ" ಎಂದ ಕರಿಬಸಯ್ಯ.

"ಕಪ್ಪು ಉಡಿಸಿದವ್ರು ನೀವು. ಅದನ್ನ ನಾಕ್ ಮಂದಿ ಮುಂದ ಹೇಳಾಕ ನಿಮಗ ಬಾಯಿ ಬರ್ಲಿಲ್ಲ. ಈಗ ನನ್ನ ಬಾಯಿ ಮುಚ್ಚಾಕ ಬರಬ್ಯಾಡ್ರಿ."

ಎಲ್ಲರಿಗೂ ಕೇಳಿಸಿತು. ಪಾರ್ವತೆಮ್ಮ ಸೋದರಳಿಯನನ್ನು ಮೇಲಿಂದ ಕೆಳಗೆ ನೋಡಿ, ಹೋಗಿ ಶೇಖರಮ್ಮನನ್ನು ತಬ್ಬಿಕೊಂಡಳು. ಇಬ್ಬರ ಅಳು ಸೇರಿತು. ಕರಿಬಸಯ್ಯ ಅಂಗಳದ ಬಿಸಿಲಲ್ಲಿ ಕೋಟು ತೊಟ್ಟು ಒಬ್ಬನೇ ನಿಂತ.

ಲಿಂಗಸುಗೂರಿಗೆ ಮರಳಿದವನು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಪಾಠ ಹೇಳಿದ. ಶಾಲೆಯ ಜವಾನ ಬಂದೇಸಾಬ ಆ ಪಟ್ಟಿ ನೋಡಿ, "ಮೊಹರಮ್ ಇನ್ನೂ ದೂರ ಐತಲ್ರಿ ಮಾಸ್ತರ್?" ಎಂದು ಕೇಳಿದ. ಕರಿಬಸಯ್ಯ ಅವನಿಗೂ ರಾಣಿಯ ಕಥೆ ಹೇಳಿದ. ತಾಯಿಯ ಬಗ್ಗೆ ಒಂದು ಮಾತೂ ಇರಲಿಲ್ಲ.

ಶೇಖರಮ್ಮ ಮಸ್ಕಿಯಲ್ಲೇ ಉಳಿದಳು. ಅವನು ಬಾ ಎಂದು ಹೇಳಿಕಳಿಸಿದಾಗ, ಅತ್ತೆಯ ಎಮ್ಮೆ ಈಯುವ ಹೊತ್ತು, ಬರಲಾಗದು ಎಂದಳು. ಎಮ್ಮೆ ಈದ ಮೇಲೂ ಬರಲಿಲ್ಲ.