ಹಿತ್ತಲ ಗೋಡೆಯ ಗ್ರಾಂಟು

ಮೊನ್ನೆ ಮನೆಗೆ ಬಣ್ಣ ಹೊಡೆಯಲು ಬಂದವನು ಕಾಂಪೌಂಡ್ ಗೋಡೆಯ ಪಾಚಿಯನ್ನು ತಂತಿ ಬ್ರಷ್ಷಿನಿಂದ ಉಜ್ಜತೊಡಗಿದ. ಕರೆಸಿದವನು ನಾನೇ. ಆದರೆ ಕೆರೆದ ಹಸಿ ಪಾಚಿಯ ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಫಿ ಲೋಟ ಹಿಡಿದುಕೊಂಡೇ ನಾನು ತೀರ್ಥಹಳ್ಳಿಗೆ ಹೋಗಿಬಿಟ್ಟೆ.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅಲ್ಲಿನ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರದ ಹೊಸ ಮೇಷ್ಟ್ರು. ಭಾನುವಾರ ಬಂತೆಂದರೆ ಆಗುಂಬೆಯ ಬಸ್ಸು ಹತ್ತಿ, ಬಂಡೆ, ಮರ, ಮೋರಿಕಟ್ಟೆ ಯಾವುದನ್ನೂ ಬಿಡದೆ ಪಾಚಿ ಕೆರೆದು ತರುತ್ತಿದ್ದೆ. ಹುಡುಗರು ನನಗೆ ಪಾಚಿ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಕೇಳಿಸದವನಂತೆ ನಡೆಯುತ್ತಿದ್ದೆ, ಒಳಗೊಳಗೆ ಖುಷಿಯೂ ಇತ್ತೆನ್ನಿ. ಆದರೆ ನನ್ನ ಅತ್ಯುತ್ತಮ ಪಾಚಿ ಇದ್ದದ್ದು ನಾನು ಬಾಡಿಗೆಗಿದ್ದ ಕೋಣೆಯ ಹಿಂದೆ, ಮನೆಯೊಡತಿ ನಾಗವೇಣಮ್ಮನವರ ಹಿತ್ತಲ ಗೋಡೆಯ ಮೇಲೆ.

ಆ ಗೋಡೆಯನ್ನೇ ನೆಚ್ಚಿಕೊಂಡು ಸಂಶೋಧನೆಗೆ ಹಣ ಬೇಡಿ ದೆಹಲಿಗೆ ಅರ್ಜಿ ಹಾಕಿದ್ದೆ. ದೊಡ್ಡ ದೊಡ್ಡ ವಿಶ್ವವಿದ್ಯಾಲಯದವರು ಸಾಲುಗಟ್ಟಿದ ಕಡೆ ನನ್ನನ್ನು ಯಾರು ಕೇಳುತ್ತಾರೆ, ನೀವೇ ಹೇಳಿ. ಒಂದು ದಿನ ಪ್ರಿನ್ಸಿಪಾಲರು ಪಾಠದ ನಡುವೆಯೇ ಕರೆಸಿ, "ಮಾರಾಯ್ರೆ, ನಿಮಗೆ ಗ್ರಾಂಟ್ ಆಗ್ಯದೆ. ಮೈಕ್ರೋಸ್ಕೋಪೂ ಕೊಡ್ತಾರಂತೆ" ಎಂದರು. ಹಿಂದೆ ಕುರ್ಚಿ ಇದೆಯೋ ಇಲ್ಲವೋ ನೋಡದೆ ಕುಳಿತೆ, ಪುಣ್ಯಕ್ಕೆ ಇತ್ತು. ಎಂದೂ ಕಾಣದ ಜನ, ಎಲ್ಲೋ ಕುಳಿತು, ತೀರ್ಥಹಳ್ಳಿಯ ಒಂದು ಹಿತ್ತಲ ಗೋಡೆಯನ್ನು ನಂಬಿದ್ದರು. ಆ ಬೆರಗು ಇವತ್ತಿಗೂ ಪೂರ್ತಿ ಇಳಿದಿಲ್ಲ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ನಾಗವೇಣಮ್ಮ ಜಗಲಿಯಲ್ಲಿ ನಿಂತಿದ್ದರು, ಮುಖ ಬಿಳಿಚಿಕೊಂಡಿತ್ತು.

"ಗ್ರಾಂಟ್ ಆಯ್ತಂತಲ್ಲ ಮೇಷ್ಟ್ರೆ."

"ಹೌದಮ್ಮ" ಎಂದು ಹಲ್ಲು ಕಿರಿದೆ.

"ಬರೀ ಕೋಣೆಯಾ, ಹಿತ್ಲೂ ಸೇರಿನಾ?"

ಆಗ ನಮ್ಮ ಕಡೆ ಗ್ರಾಂಟ್ ಎಂದರೆ ಸರ್ಕಾರ ಬರೆದುಕೊಡುವ ಜಮೀನು, ಬೇರೆ ಅರ್ಥವೇ ಇರಲಿಲ್ಲ. ಹೊಸನಗರದ ಕಡೆ ಇದ್ದ ಅವರ ಗದ್ದೆ ಭೂಸುಧಾರಣೆಯಲ್ಲಿ ಗೇಣಿದಾರರ ಪಾಲಾಗಿತ್ತು. ಗಂಡನಿಲ್ಲದ ಅವರಿಗೆ ಉಳಿದದ್ದು ಈ ಮನೆ, ನನ್ನ ಬಾಡಿಗೆ. ಈಗ ಬಾಡಿಗೆಯವನಿಗೂ ಗ್ರಾಂಟ್! ಜಮೀನಲ್ಲ, ಪಾಚಿ ನೋಡಲು ಕೊಟ್ಟದ್ದು ಎಂದು ಬಗೆಬಗೆಯಾಗಿ ಹೇಳಿದೆ. ಹೇಳುತ್ತಾ ಹೋದಂತೆ ನನಗೇ ಅದು ಸುಳ್ಳಿನ ಹಾಗೆ ಕೇಳಿಸಿತು.

"ಪಾಚಿಗೆ ಸರ್ಕಾರ ಗ್ರಾಂಟ್ ಕೊಡ್ತದಾ? ನಾನು ಓದ್ದೋಳಲ್ಲ, ಆದ್ರೆ ಅಷ್ಟೂ ತಿಳೀದೋಳಲ್ಲ" ಎಂದು ಒಳಗೆ ಹೋದರು.

ಮರುದಿನ, ದೀಪಾವಳಿಯೊಳಗೆ ಕೋಣೆ ಬಿಡಿ ಎಂದರು. ಹಿತ್ತಲ ಗೋಡೆ ಕೆರೆಸಿ ಸುಣ್ಣ ಹೊಡೆಸುವುದೂ ಗೊತ್ತಾಯಿತು. ಗೋಡೆ ಹೋದರೆ ನನ್ನ ಕೆಲಸವೇ ಹೋದಂತೆ. ಆದರೂ ಸಿಟ್ಟು ಬರಲಿಲ್ಲ, ಅವರ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

ಹಬ್ಬಕ್ಕೆ ಮೊದಲೇ ಶಿವಮೊಗ್ಗದ ಬಸ್ಸಿನಲ್ಲಿ ಮೈಕ್ರೋಸ್ಕೋಪು ಬಂತು. ಕಾಲೇಜಿಗೆ ಒಯ್ಯುವ ಮೊದಲು ಜಗಲಿಯ ಬೆಳಕಿನಲ್ಲಿಟ್ಟೆ. ಪಾಚಿ ಒಂದು ಕಾಯಿ ಬಿಡುತ್ತದೆ, ಸಾಸಿವೆಗಿಂತ ಸಣ್ಣದು. ಅದನ್ನು ಗಾಜಿನ ಮೇಲಿಟ್ಟು, "ಒಂದ್ಸಲ ನೋಡಿ ಅಮ್ಮ, ಆಮೇಲೆ ಹೋಗ್ತೀನಿ" ಎಂದೆ. ಮನಸ್ಸಿಲ್ಲದ ಮನಸ್ಸಿನಿಂದ ಬಗ್ಗಿದರು. ಕಾಯಿಯ ಬಾಯಿ ಸುತ್ತ ಕೆಂಪು ಹಲ್ಲುಗಳ ಸಾಲು. ನಾನು ಪಕ್ಕದಿಂದ ಮೆಲ್ಲಗೆ ಉಸಿರು ಬಿಟ್ಟೆ. ತೇವ ತಾಗಿ ಹಲ್ಲುಗಳೆಲ್ಲ ಒಳಗೆ ಬಾಗಿದವು, ಆರಿದಂತೆ ಮತ್ತೆ ಅರಳಿದವು.

"ಬಾಯಿ ಮುಚ್ತು," ಎಂದರು ನಾಗವೇಣಮ್ಮ, ಪಿಸುಮಾತಿನಲ್ಲಿ. "ತೆಗೀತು. ಎಲ್ಲೀದು ಇದು?"

"ನಿಮ್ಮ ಹಿತ್ತಲ ಗೋಡೇದೇ."

"ನಮ್ಮನೇದಾ?"

"ನಿಮ್ಮನೇದೇ."

ಎಷ್ಟೋ ಹೊತ್ತು ತಲೆ ಎತ್ತಲಿಲ್ಲ. ಉಸಿರು ಬಿಡಲು ನನಗೆ ಮತ್ತೆ ಮತ್ತೆ ಸನ್ನೆ ಮಾಡಿದರು. ಕೊನೆಗೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು.

"ಮನೆ ನಂದು. ಹಿತ್ಲು ನಂದು. ಆ ಗೋಡೆ ಮಾತ್ರ ನಾನೇ ನಿಮ್ಗೆ ಗ್ರಾಂಟ್ ಮಾಡಿದೀನಿ, ಮೇಷ್ಟ್ರೆ. ಸುಣ್ಣ ಹೊಡ್ಸಲ್ಲ."

ಮುಂದೆ ಇನ್ನೂ ದೊಡ್ಡ ಗ್ರಾಂಟುಗಳು ಬಂದವು. ಯಾವುದಕ್ಕೂ ಅವತ್ತಿನ ಹಾಗೆ ಕೈಮುಗಿದ ನೆನಪಿಲ್ಲ.

"ಆ ಗೋಡೆ ಬಿಡಪ್ಪ" ಎಂದೆ ಬಣ್ಣದವನಿಗೆ.

"ಯಾಕೆ ಸಾರ್? ಗಲೀಜು ಕಾಣ್ತದೆ."

"ಅದು ಗ್ರಾಂಟ್ ಆಗಿದೆ."

"ಯಾರಿಗೆ?" ಎಂದು ಅವನು ಗಾಬರಿಯಿಂದ ಪಕ್ಕದ ಮನೆಯತ್ತ ನೋಡಿದ.

ಒಳಗಿನಿಂದ ನನ್ನ ಹಳೆಯ ಭೂತಗನ್ನಡಿ ತಂದು ಅವನ ಕೈಗೆ ಕೊಟ್ಟೆ. ಬಗ್ಗಿ ನೋಡು, ಮೆಲ್ಲಗೆ ಉಸಿರು ಬಿಡು ಎಂದೆ.